ಹೋರಿ ಫೋಕಸ್‌ಗೆ ಕಾಯುವುದಿಲ್ಲ

ಹೊಸದಾಗಿ ಕ್ಯಾಮೆರಾ ಕೊಳ್ಳಲು ಹೊರಟ ಹುಡುಗರು ರಟ್ಟೀಹಳ್ಳಿಯ ನನ್ನ ಸ್ಟುಡಿಯೊಗೆ ಬಂದು ಕೇಳುವುದು ಒಂದೇ ಪ್ರಶ್ನೆ: “ಅಣ್ಣಾರ, ಫುಲ್‌ಫ್ರೇಮ್ ತಗೊಳ್ಳಲೇನ್ರಿ, ಹೆಗಲ ಮ್ಯಾಲಿಂದು ತಗೊಳ್ಳಲೇನ್ರಿ?” ನಾನು ತಿರುಗಿ ಕೇಳುತ್ತೇನೆ: “ಮದುವಿ ಹಿಡಿತೀಯೋ, ಹೋರಿ ಹಿಡಿತೀಯೋ?”

ನಗಬೇಡಿ. ನಮ್ಮ ಹಾವೇರಿ ಜಿಲ್ಲೆಯಲ್ಲಿ ಕ್ಯಾಮೆರಾದವರಿಗೆ ಹೆಚ್ಚಾಗಿ ಅನ್ನ ಹಾಕುವುದು ಇವೆರಡೇ. ಮದುವೆ ಒಂದು, ದೀಪಾವಳಿಗೆ ಶುರುವಾಗಿ ತಿಂಗಳುಗಟ್ಟಲೆ ಊರಿಂದೂರಿಗೆ ಸಾಗುವ, ಓಡುವ ಹೋರಿಯ ಮೈಮೇಲಿನ ಕೊಬ್ಬರಿ ಹಾರವನ್ನು ಹುಡುಗರು ಕೀಳುವ ಕೊಬ್ಬರಿ ಹೋರಿ ಹಬ್ಬ ಇನ್ನೊಂದು.

ಆ ಹುಡುಗರು ಕೇಳುವ ಎರಡು ಕ್ಯಾಮೆರಾಗಳ ಮುಖ್ಯ ವ್ಯತ್ಯಾಸ ಸೆನ್ಸಾರಿನದು. ಸೆನ್ಸಾರ್ ಎಂದರೆ ಹಿಂದೆ ರೀಲು ಇರುತ್ತಿದ್ದ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಚೂರು. ಫುಲ್‌ಫ್ರೇಮ್ ಸೆನ್ಸಾರಿನ ಅಳತೆ 36×24 ಮಿಲಿಮೀಟರ್, ಹಳೆಯ ಫೋಟೊ ರೀಲಿನ ಒಂದು ಚೌಕದಷ್ಟೇ. ಮದುವೆ ಮಂಟಪಗಳಲ್ಲಿ ನೀವೆಲ್ಲ ನೋಡಿರುವ ಸೋನಿ ಎಂಸಿ2500ರಂಥ ಹೆಗಲ ಕ್ಯಾಮ್‌ಕಾರ್ಡರ್ ಒಳಗಿನದು ಜೋಳದ ಕಾಳಿನಷ್ಟು. ಇವೆರಡರ ನಡುವೆ ‘ಒಂದು ಇಂಚು’ ಎಂದು ಮಾರುವ ಸೆನ್ಸಾರ್ ಇದೆ. ಪಟ್ಟಿ ಹಿಡಿದು ಅಳೆದರೆ ಅದು 13.2×8.8 ಮಿ.ಮೀ., ಇಂಚಿಗೆ ಇಂಚು ಎಲ್ಲೂ ಇಲ್ಲ. ಹಳೆಯ ಟಿ.ವಿ. ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆಯಿಂದ ಉಳಿದು ಬಂದ ಹೆಸರು ಅದು.

ಸೆನ್ಸಾರ್ ದೊಡ್ಡದಾದರೆ ಏನು ಲಾಭ ಎಂಬುದನ್ನು ನೋಡಲು ನಮ್ಮೂರ ಕದಂಬೇಶ್ವರ ಗುಡಿಯೊಳಗೆ ಬನ್ನಿ. ಕಲ್ಯಾಣ ಚಾಲುಕ್ಯರ ಕಾಲದ ಕಲ್ಲುಕಟ್ಟಡ, ಮೂರು ಗರ್ಭಗುಡಿ, ಒಳಗೆ ಹಗಲಲ್ಲೂ ಮಬ್ಬು. ಮದುವೆಯಾದ ಜೋಡಿಯನ್ನು ಅಲ್ಲಿ ನಿಲ್ಲಿಸಿ ಹೆಗಲ ಕ್ಯಾಮೆರಾದಲ್ಲಿ ಹಿಡಿದರೆ, ಕಂಬಗಳ ಮೇಲೆ ಇರುವೆ ಹರಿದ ಹಾಗೆ ಚುಕ್ಕಿಗಳು ಕುಣಿಯುತ್ತವೆ. ಫುಲ್‌ಫ್ರೇಮ್‌ನಲ್ಲಿ ಅದೇ ಮಬ್ಬು ಬೆಳಕು ಹುಡುಗಿಯ ಮುಖದ ಮೇಲೆ ಬೆಣ್ಣೆಯಂತೆ ಕೂರುತ್ತದೆ, ಹಿಂದಿನದೆಲ್ಲ ಮೆತ್ತಗೆ ಮಸುಕಾಗುತ್ತದೆ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದ ಮೇಲೆ ಮದುವೆ ವಿಡಿಯೊಗಳು ಸಿನಿಮಾ ಹಾಡಿನಂತೆ ಕಾಣತೊಡಗಿದ್ದು ಈ ಮಸುಕಿನಿಂದಲೇ.

ಆದರೆ ಆ ಮಸುಕೇ ಹೋರಿ ಓಡುವ ಅಖಾಡದಲ್ಲಿ ಶನಿಯಾಗಿ ಕಾಡುತ್ತದೆ. ಫುಲ್‌ಫ್ರೇಮ್‌ಗೆ 200 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರ್ 2.8ಕ್ಕೆ ಇಟ್ಟು, ಹತ್ತು ಮೀಟರ್ ದೂರದ ಹೋರಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಕಾಣುವುದು ಹಿಂದೆ ಮುಂದೆ ಸೇರಿ ಸುಮಾರು 40 ಸೆಂಟಿಮೀಟರ್ ಮಾತ್ರ. ಮೂತಿ ಸ್ಪಷ್ಟವಾದರೆ ಡುಬ್ಬ ಮಸುಕು. ಸೆಕೆಂಡಿಗೆ ಎಂಟು ಮೀಟರ್ ಓಡುವ ಹೋರಿ, ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್‌ನಿಂದ ಮುಂದಿನದಕ್ಕೆ 32 ಸೆಂ.ಮೀ. ಮುಂದೆ ಬಂದಿರುತ್ತದೆ. ಈಗಿನ ಆಟೊಫೋಕಸ್ ಬಲು ಚುರುಕು, ಒಪ್ಪುತ್ತೇನೆ. ಆದರೆ ಬಲೂನು, ಜೂಲ, ಕೊಬ್ಬರಿ ಹಾರ, ಮೇಲೆ ಎರಗುವ ಇಪ್ಪತ್ತು ಹುಡುಗರು, ಧೂಳು — ಇದರಲ್ಲಿ ಯಾವುದನ್ನು ಹಿಡಿಯಬೇಕೆಂದು ಅದಕ್ಕೆ ಯಾರು ಹೇಳಬೇಕು? ಜೋಳದ ಕಾಳಿನ ಕ್ಯಾಮೆರಾದಲ್ಲಿ ಅಷ್ಟೇ ದೂರದಿಂದ ಅಷ್ಟೇ ದೊಡ್ಡದಾಗಿ ಹಿಡಿದರೆ ನಾಲ್ಕು ಮೀಟರಿಗೂ ಹೆಚ್ಚು ಜಾಗ ಸ್ಪಷ್ಟ. ಕೊಬ್ಬರಿ ಕಿತ್ತ ಕೈ ಯಾರದು ಎಂಬುದೂ ಕಾಣುತ್ತದೆ. ಹಬ್ಬ ಮುಗಿದ ಮೇಲೆ ಜಗಳ ಬಿಡಿಸಲು ಬೇಕಾಗುವುದು ಅದೇ.

ದೊಡ್ಡ ಸೆನ್ಸಾರಿನ ಕ್ಯಾಮೆರಾಗಳ ಇನ್ನೊಂದು ತೊಡಕಿಗೆ ಒಂದು ನಾಟಕದ ಕತೆ. ಹಿರೇಕೆರೂರು ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ಸಾಮಾಜಿಕ ನಾಟಕ ಹಿಡಿಯಲು ಗೆಳೆಯನ ದೊಡ್ಡ ಸೆನ್ಸಾರಿನ ಕ್ಯಾಮೆರಾ ಒಯ್ದಿದ್ದೆ. 29 ನಿಮಿಷ 59 ಸೆಕೆಂಡಿಗೆ ಅದು ತಾನೇ ನಿಂತಿತು. ನಾನು ಚಹಾ ಕುಡಿಯುತ್ತಿದ್ದೆ. ಖಳನಾಯಕನಿಗೆ ಬುದ್ಧಿ ಬರುವ ದೃಶ್ಯವೇ ಇಲ್ಲ! ಆ ಪಾತ್ರ ಮಾಡಿದವರು ಇವತ್ತಿಗೂ ಸಂತೆಯಲ್ಲಿ ಸಿಕ್ಕರೆ, “ಏನಪಾ, ನನ್ನನ್ನ ಕೆಟ್ಟವನ್ನ ಮಾಡೇ ಬಿಟ್ಟೆಲ್ಲೋ” ಅನ್ನುತ್ತಾರೆ. ಮೂವತ್ತು ನಿಮಿಷ ದಾಟಿ ರೆಕಾರ್ಡ್ ಮಾಡುವ ಫೋಟೊ ಕ್ಯಾಮೆರಾವನ್ನೂ ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ಕಂಪನಿಗಳು ಇಟ್ಟ ಬೇಲಿ ಅದು. ಹೊಸ ಮಾಡೆಲ್‌ಗಳಲ್ಲಿ ಹೆಚ್ಚಾಗಿ ಈ ಬೇಲಿ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಅರ್ಧ ಗಂಟೆ ಓಡಿಸಿ ನೋಡಿಯೇ ದುಡ್ಡು ಎಣಿಸಬೇಕು. ಬಿಸಿಲಲ್ಲಿಟ್ಟು ಓಡಿಸಿದರೆ ಕಾಯುತ್ತದೋ ಇಲ್ಲವೋ ಅದೂ ಗೊತ್ತಾಗುತ್ತದೆ.

4ಕೆ ಬೇಕೇ? ಫೋನಿನಲ್ಲಿ ನೋಡುವವರಿಗೆ ವ್ಯತ್ಯಾಸ ಕಾಣುವುದು ಕಡಿಮೆ. ನನಗೆ ಅದು ಬೇಕಾಗುವುದು ಎಡಿಟಿಂಗ್‌ಗೆ. 3840×2160ರ ಚಿತ್ರದಲ್ಲಿ ನಾಲ್ಕು ಫುಲ್ ಎಚ್‌ಡಿ ಚಿತ್ರಗಳು ಹಿಡಿಸುತ್ತವೆ. ಅಗಲವಾಗಿ ಹಿಡಿದಿಟ್ಟು ಆಮೇಲೆ ಹೋರಿಯಷ್ಟನ್ನೇ ಕತ್ತರಿಸಿ ತೆಗೆದರೂ ಫುಲ್ ಎಚ್‌ಡಿಗೆ ಕೊರತೆಯಿಲ್ಲ. ಖರ್ಚು ಇರುವುದು ಕಾರ್ಡಿನಲ್ಲಿ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ 45 ಜಿ.ಬಿ., ಎಂಟು ಗಂಟೆಯ ಹಬ್ಬಕ್ಕೆ 360. ಹಳೆಯ 28 ಮೆಗಾಬಿಟ್‌ನ ಎಚ್‌ಡಿಯಾದರೆ ಸುಮಾರು ನೂರರಲ್ಲಿ ಮುಗಿಯುತ್ತದೆ.

ಒಂದೇ ಕ್ಯಾಮೆರಾಕ್ಕೆ ದುಡ್ಡಿದ್ದರೆ, ನಮ್ಮ ಕಡೆಯ ಕೆಲಸಕ್ಕೆ ಎರಡರ ನಡುವೆ ನಿಲ್ಲುವ ಒಂದು ಇಂಚಿನ 4ಕೆ ಕ್ಯಾಮ್‌ಕಾರ್ಡರ್ ತಗೊಳ್ಳಿ ಎನ್ನುತ್ತೇನೆ. ಮದುವೆಗಳಷ್ಟೇ ನಿಮ್ಮ ಕೆಲಸವಾದರೆ ಫುಲ್‌ಫ್ರೇಮ್ ಇರಲಿ. ಫೋನ್ ಸಾಕು ಎನ್ನುವವರಿಗೊಂದು ಮಾತು: ಹೆಚ್ಚಿನ ಫೋನುಗಳಲ್ಲಿ ಉದ್ದ ಝೂಮ್ ಇಲ್ಲದ್ದರಿಂದ ಅವು ನಿಮ್ಮನ್ನು ಹೋರಿಯ ಹತ್ತಿರ ಹತ್ತಿರ ಎಳೆಯುತ್ತವೆ. ಕೊಂಬು ತಿವಿದು ಸತ್ತವರಲ್ಲಿ ನೋಡಲು ನಿಂತವರೂ ಇದ್ದಾರೆ. ಈ ಸಲ ದೀಪಾವಳಿಗೆ ಬೇಲಿಯ ಹೊರಗೇ ನಿಲ್ಲಿ, ವಿಡಿಯೊ ನಾನು ಕಳಿಸುತ್ತೇನೆ.