ಬೀಜದ ಲಿಂಬೆ ಸಸಿಯನ್ನು ಬಿಸಿಲಿಗೆ ತರುವ ಬಗೆ

ಲಿಂಬೆಯ ಸಸಿ ನೆಟ್ಟ ರೈತನಿಗೆ ಅದರ ಗುಣ ತಿಳಿಯುವುದು ನಾಲ್ಕೈದು ವರ್ಷಗಳ ಮೇಲೆ, ಕಾಯಿ ಹಿಡಿದಾಗ. ತಳಿ ಕೆಟ್ಟದ್ದಾದರೆ ಅಷ್ಟು ವರ್ಷದ ನೀರು, ಗೊಬ್ಬರ, ಜಾಗ ಮೂರೂ ದಂಡ. ಆದ್ದರಿಂದ ತಾಯಿಗಿಡವನ್ನು ಕಣ್ಣಾರೆ ಕಂಡು, ಸಸಿಯನ್ನು ಸ್ವಂತ ಮಡಿಯಲ್ಲಿ ಮಾಡಿಕೊಳ್ಳುವುದು ಲೇಸು. ಕಮತಗಿಯ ಹೊಲಗಳಲ್ಲಿಯೂ ಮಗ್ಗದ ಮನೆಗಳ ಹಿತ್ತಲಲ್ಲಿಯೂ ಇದು ಆಗುವ ಕೆಲಸ. ನೆರೆಯ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅಲ್ಲಿನ ಹವೆಯೂ ನಮ್ಮ ಹವೆಯೂ ಬಹುಮಟ್ಟಿಗೆ ಒಂದೇ.

ಆಪೂಸಿನ ಓಟೆ ಊರಿ ಆಪೂಸ ಕಾಣದೆ ಹೋದವರು, ಬೀಜದ ಗಿಡ ತಾಯಿಯಂತೆ ಆದೀತೇ ಎಂದು ಶಂಕಿಸುವರು. ಕಾಗ್ಜಿ ಲಿಂಬೆಯ ರೀತಿ ಬೇರೆ. ಇದರ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು. ಅವುಗಳಲ್ಲಿ ಒಂದು ಪರಾಗ ಕೂಡಿ ಆದದ್ದಿರಬಹುದು. ಮಿಕ್ಕವು ತಾಯಿಗಿಡದ ಅಂಶದಿಂದಲೇ ಹುಟ್ಟಿದವು, ತಾಯಿಯ ಪಡಿಯಚ್ಚು. ಪರಾಗದ ಸಸಿ ಸಾಮಾನ್ಯವಾಗಿ ಗಿಡ್ಡಾಗಿ, ಎಲೆಯ ಆಕಾರದಲ್ಲಿ ಬೇರೆಯಾಗಿ ಕಾಣುತ್ತದೆ. ಮಡಿಯಲ್ಲಿ ಒಂದೇ ಎತ್ತರದ, ಒಂದೇ ಎಲೆಯ ಸಸಿಗಳನ್ನು ಉಳಿಸಿ, ಬೇರೆ ತೆರನವನ್ನು ಮರುಗದೆ ಕಿತ್ತು ಹಾಕಬೇಕು. ಚಕ್ಕೋತಕ್ಕೆ ಈ ಗುಣವಿಲ್ಲ. ಮೋಸಂಬಿಯನ್ನಂತೂ ಕಣ್ಣು ಕಸಿ ಮಾಡಿಯೇ ಬೆಳೆಸುವರು.

ಕಜ್ಜಿರೋಗವಿಲ್ಲದ, ವರ್ಷವರ್ಷವೂ ಚೆನ್ನಾಗಿ ಕಾಯುವ ಗಿಡದಿಂದ ಹಳದಿಗೆ ತಿರುಗಿದ ದಪ್ಪ ಹಣ್ಣು ಆರಿಸಿರಿ. ಬೀಜದ ಲೋಳೆಯನ್ನು ಬೂದಿಯಲ್ಲಿ ತಿಕ್ಕಿ ತೊಳೆದು ನೆರಳಿನಲ್ಲಿ ಒಂದು ದಿನ ಆರಿಸಿದರೆ ಸಾಕು. ಜೋಳದ ಬೀಜದಂತೆ ಬಿಸಿಲಿಗೆ ಒಣಗಿಸಿ ಬರುವ ವರ್ಷಕ್ಕೆ ಕಟ್ಟಿಡುವ ವಸ್ತು ಇದಲ್ಲ. ಒಣಗಿದರೆ ಜೀವ ಹೋಗುತ್ತದೆ. ಜುಲೈ-ಆಗಸ್ಟ್ ತಿಂಗಳಲ್ಲಿ, ನೀರು ನಿಲ್ಲದ ಏರು ಮಡಿಯಲ್ಲಿ ಅರ್ಧ ಅಂಗುಲ ಆಳಕ್ಕೆ ಊರಿರಿ. ಎರಡು ಮೂರು ವಾರಗಳಲ್ಲಿ ಮೊಳೆಯುತ್ತವೆ. ಮೂರು ನಾಲ್ಕು ಅಂಗುಲ ಬೆಳೆದಾಗ ಪ್ಲಾಸ್ಟಿಕ್ ಚೀಲಕ್ಕೆ ಬದಲಿಸಬೇಕು. ಕೀಳುವಾಗ ತಾಯಿಬೇರು ಕೊಕ್ಕೆಯಂತೆ ಡೊಂಕಾಗಿದ್ದರೆ ಅಂಥ ಸಸಿ ಬೇಡ.

ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕೂತಿರುವುದು ಚಿಟ್ಟೆಯ ಮರಿಹುಳು. ಬಲಿತ ಮೇಲೆ ಹಸಿರಾಗಿ, ನೋಡನೋಡುತ್ತ ಸಸಿಯನ್ನು ಬೋಳಿಸುತ್ತದೆ. ಚಿಕ್ಕದಿದ್ದಾಗಲೇ ಕೈಯಿಂದ ಆರಿಸಿ ಕೊಲ್ಲಿರಿ. ಈ ಕೆಲಸದಲ್ಲಿ ಮಕ್ಕಳ ಕಣ್ಣು ನಮ್ಮದಕ್ಕಿಂತ ಚುರುಕು.

ಬಹಳ ಸಸಿಗಳು ಸಾಯುವುದು ಮಡಿಯಲ್ಲಲ್ಲ, ಹೊರಗೆ ತಂದ ವಾರದಲ್ಲಿ. ಚಪ್ಪರದ ನೆರಳಿನಲ್ಲಿ ಬೆಳೆದ ಎಲೆ ತೆಳು. ಒಮ್ಮೆಲೇ ಬಯಲಿಗಿಟ್ಟರೆ ಬೆಳ್ಳಗೆ ಸುಟ್ಟು ಉದುರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುವುದರಿಂದ ಆಗ ಸಸಿಯನ್ನು ಕದಲಿಸುವುದೇ ಬೇಡ. ಮಳೆ ಹಿಡಿದ ಮೇಲೆ ಮೊದಲ ಮೂರು ದಿನ ಬೆಳಗಿನ ಒಂದೆರಡು ತಾಸು ಎಳೆಬಿಸಿಲಿಗಿಟ್ಟು ಮರಳಿ ನೆರಳಿಗೆ ತನ್ನಿರಿ. ದಿನೇ ದಿನೇ ಹೊತ್ತು ಹೆಚ್ಚಿಸುತ್ತ, ನೀರನ್ನು ಸ್ವಲ್ಪ ಕಡಿಮೆ ಮಾಡುತ್ತ ಬಂದರೆ ಹತ್ತು ಹದಿನೈದು ದಿನಗಳಲ್ಲಿ ಎಲೆ ಗಡುಸಾಗುತ್ತದೆ.

ಸಸಿಗೆ ವರ್ಷ ತುಂಬುವ ಹೊತ್ತಿಗೆ ಹುಬ್ಬಿ, ಉತ್ತರಿ ಮಳೆಗಳು ಬರುತ್ತವೆ. ನಮ್ಮಲ್ಲಿ ನೆಚ್ಚಬಹುದಾದ ಮಳೆ ಇವೇ. ನಾಟಿಗೆ ಇದೇ ಸಮಯ. ಮಸಾರಿ ನೆಲ ಉತ್ತಮ. ಎರೆ ಹೊಲವಾದರೆ ನೀರು ಬಸಿದು ಹೋಗಲು ದಾರಿ ಮಾಡಲೇಬೇಕು, ಇಲ್ಲವಾದರೆ ಬೇರು ಕೊಳೆಯುವುದು. 20 ಅಡಿಗೊಂದರಂತೆ ಎರಡೂವರೆ ಅಡಿಯ ಗುಂಡಿಗಳನ್ನು ಬೇಸಿಗೆಯಲ್ಲೇ ತೋಡಿ ಬಿಸಿಲು ಕಾಣಿಸಿ, ಮೇಲ್ಮಣ್ಣು ಹಾಗೂ ತಿಪ್ಪೆಗೊಬ್ಬರ ತುಂಬಿಡಿರಿ. ಸಂಜೆಯ ಹೊತ್ತು, ಚೀಲದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ನೆಡಿರಿ. ಬುಡಕ್ಕೆ ಮಣ್ಣೇರಿಸಿದರೆ, ಇಲ್ಲವೆ ಕಾಂಡಕ್ಕೆ ತಾಗುವಂತೆ ನೀರು ನಿಲ್ಲಿಸಿದರೆ ತೊಗಟೆಯಿಂದ ಅಂಟು ಸುರಿಯುವ ರೋಗ ತಗಲುತ್ತದೆ. ಪಾತಿಯನ್ನು ಬುಡದಿಂದ ಗೇಣು ದೂರಕ್ಕೆ ಬಳೆಯಂತೆ ಮಾಡಿರಿ. ಪಡುವಣ ದಿಕ್ಕಿಗೆ ತೊಗರಿ ಕಟ್ಟಿಗೆಯ ತಟ್ಟಿ ನಿಲ್ಲಿಸಿ ಮೊದಲ ಬೇಸಿಗೆ ದಾಟಿಸಬೇಕು. ಕಾಯಿ ಬರುವ ತನಕ ಸಾಲುಗಳ ನಡುವೆ ಹೆಸರು, ಶೇಂಗಾ ಬೆಳೆಯಬಹುದು.