ಹೊರನಾಡಿನ ವಿದ್ಯಾಲಯದಲ್ಲಿ ಗಣಕಶಾಸ್ತ್ರದ ಸ್ಥಾನವನ್ನು ಬೇಡುವ ಬಗೆ

ವಿದ್ಯೆಗಾಗಿ ಗಡಿಯನ್ನು ದಾಟುವದು ನಮ್ಮ ಸೀಮೆಯವರಿಗೆ ಹೊಸ ಸಂಗತಿಯಲ್ಲ. ೧೯೪೮ರ ವರೆಗೆ ಜಮಖಂಡಿ, ಮುಧೋಳಗಳು ಬೇರೆ ಬೇರೆ ಸಂಸ್ಥಾನಗಳಾಗಿದ್ದವು. ಬೀಳಗಿಯಾದರೋ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಆಗ ಬೀಳಗಿಯ ಹುಡುಗನು ನೆರೆಯ ಜಮಖಂಡಿಯಲ್ಲಿ ಕಲಿಯಹೋದರೂ ಒಂದು ರಾಜ್ಯವನ್ನು ಬಿಟ್ಟು ಇನ್ನೊಂದನ್ನು ಹೊಕ್ಕಂತಾಗುತ್ತಿತ್ತು. ದೂರದ ಪುಣೆಯು ಮಾತ್ರ ಸ್ವಂತ ಪ್ರಾಂತದ ಊರೇ ಆಗಿತ್ತು. ಮೈಸೂರು ಸೀಮೆಯ ವಿಶ್ವೇಶ್ವರಯ್ಯನವರು ೧೮೮೧ರಲ್ಲಿ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು, ಅದೇ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿತು ೧೮೮೩ರಲ್ಲಿ ತೇರ್ಗಡೆಯಾದರು. ಗಡಿಗಳು ೧೯೫೬ರಲ್ಲಿ ಬದಲಾದವು. ಹೊರಗೆ ಹೋಗಿ ಕಲಿಯುವ ಅಗತ್ಯವು ಬದಲಾಗಲಿಲ್ಲ.

ಈಗ ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಗಣಕಶಾಸ್ತ್ರವನ್ನು ಕಲಿಯಬಯಸುತ್ತಾರೆ. ಇದರಷ್ಟು ಪೈಪೋಟಿಯುಳ್ಳ ಶಾಖೆ ಇಂದು ಬೇರೊಂದಿಲ್ಲ. ಅಂಕಗಳನ್ನು ಗಳಿಸಿದ ಮೇಲೆಯೂ, ಅರ್ಜಿಯ ನಿಯಮವನ್ನು ಅರಿಯದ್ದರಿಂದ ಸ್ಥಾನವನ್ನು ಕಳಕೊಳ್ಳುವವರು ಇದ್ದಾರೆ. ಆದಕಾರಣ ಆ ನಿಯಮಗಳಲ್ಲಿ ಮುಖ್ಯವಾದವುಗಳನ್ನು ಪಾಲಕರಿಗೂ ವಿದ್ಯಾರ್ಥಿನಿಯರಿಗೂ ತಿಳಿಯುವಂತೆ ಇಲ್ಲಿ ವಿವರಿಸುತ್ತೇವೆ.

ಮೊದಲು ಪರೀಕ್ಷೆಗಳ ಸಂಗತಿ. ದೇಶದ ಎನ್.ಐ.ಟಿ.ಗಳಲ್ಲಿ ಸ್ಥಾನವು ಜೆ.ಇ.ಇ. ಮೇನ್ ಎಂಬ ಪರೀಕ್ಷೆಯ ಕ್ರಮಾಂಕದಿಂದ ದೊರೆಯುತ್ತದೆ. ಇದು ವರ್ಷದಲ್ಲಿ ಎರಡು ಸಲ, ಜನವರಿ ಮತ್ತು ಎಪ್ರಿಲ್ ತಿಂಗಳುಗಳಲ್ಲಿ ನಡೆಯುತ್ತದೆ. ಎರಡಕ್ಕೂ ಕುಳಿತವಳಿಗೆ ಉತ್ತಮವಾದ ಫಲವೇ ಎಣಿಕೆಗೆ ಬರುವದು. ೨೦೨೧ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಇದರಲ್ಲಿ ಮೇಲಿನ ಸುಮಾರು ಎರಡೂವರೆ ಲಕ್ಷ ಜನರು ಜೆ.ಇ.ಇ. ಅಡ್ವಾನ್ಸ್ಡ್ ಎಂಬ ಎರಡನೆಯ ಪರೀಕ್ಷೆಗೆ ಅರ್ಹರಾಗುತ್ತಾರೆ. ಐ.ಐ.ಟಿ.ಗಳ ಬಾಗಿಲು ಅದೇ. ಅದು ಇಂಗ್ಲಿಷು ಮತ್ತು ಹಿಂದಿ ಭಾಷೆಗಳಲ್ಲಿ ಮಾತ್ರ ಇರುವದರಿಂದ, ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿಯು ಗಣಿತ, ಭೌತ, ರಸಾಯನಗಳ ಇಂಗ್ಲಿಷು ಶಬ್ದಗಳನ್ನು ಹತ್ತನೆಯ ತರಗತಿ ಮುಗಿದೊಡನೆಯೆ ರೂಢಿಮಾಡಿಕೊಳ್ಳತಕ್ಕದ್ದು. ಇವೆರಡಕ್ಕೂ ಮಿಗಿಲಾಗಿ ಹನ್ನೆರಡನೆಯ ತರಗತಿಯಲ್ಲಿ ನೂರಕ್ಕೆ ೭೫ ಅಂಕಗಳಾಗಲಿ, ತನ್ನ ಮಂಡಳಿಯ ಮೇಲಿನ ಶೇಕಡಾ ೨೦ರೊಳಗಿನ ಸ್ಥಾನವಾಗಲಿ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲರಿಗೆ ೬೫ ಅಂಕಗಳು ಸಾಕು. ದೊಡ್ಡ ಪರೀಕ್ಷೆಯ ಗದ್ದಲದಲ್ಲಿ ಪಿ.ಯು. ಪರೀಕ್ಷೆಯನ್ನು ಅಲಕ್ಷಿಸಬಾರದೆಂಬುದಕ್ಕೆ ಇದೇ ಕಾರಣ.

ಇನ್ನು ಗಡಿಯ ವಿಚಾರ. ಐ.ಐ.ಟಿ.ಗಳಲ್ಲಿ ಯಾವ ರಾಜ್ಯದವರಿಗೂ ಮೀಸಲು ಪಾಲಿಲ್ಲ. ೨೦೧೬ರಲ್ಲಿ ಸ್ಥಾಪಿತವಾದ ಧಾರವಾಡದ ಐ.ಐ.ಟಿ.ಯಲ್ಲಿ ನಾವು ನೆರೆಯವರೆಂದು ಸಲಿಗೆಯಿಲ್ಲ. ಮುಂಬಯಿಯದರಲ್ಲಿ ಹೊರಗಿನವರೆಂದು ಅಡ್ಡಿಯಿಲ್ಲ. ಎನ್.ಐ.ಟಿ.ಗಳಲ್ಲಿ ಹಾಗಲ್ಲ. ಅಲ್ಲಿ ಅರ್ಧ ಸ್ಥಾನಗಳು ಆಯಾ ರಾಜ್ಯದವರಿಗೆ, ಉಳಿದರ್ಧವು ಇತರ ರಾಜ್ಯಗಳವರಿಗೆ. ಬೀಳಗಿಯ ಹುಡುಗಿಯು ಸುರತ್ಕಲ್ಲಿನಲ್ಲಿ ಸ್ವರಾಜ್ಯದ ಪಟ್ಟಿಯಲ್ಲಿಯೂ, ವಾರಂಗಲ್ ತಿರುಚಿನಾಪಳ್ಳಿಗಳಲ್ಲಿ ಹೊರರಾಜ್ಯದ ಪಟ್ಟಿಯಲ್ಲಿಯೂ ನಿಲ್ಲುತ್ತಾಳೆ. ಹಿಂದಿನ ವರ್ಷಗಳ ಕೊನೆಯ ಕ್ರಮಾಂಕಗಳನ್ನು ನೋಡುವಾಗ ತನಗೆ ಸಲ್ಲುವ ಪಟ್ಟಿಯನ್ನೇ ನೋಡಬೇಕು. ಹೆಣ್ಣುಮಕ್ಕಳಿಗಾಗಿಯೇ ೨೦೧೮ರಿಂದ ಹೆಚ್ಚಿನ ಸ್ಥಾನಗಳನ್ನು ಕೂಡಿಸಿ ಬೇರೊಂದು ಪಟ್ಟಿಯನ್ನು ಮಾಡಿರುವದರಿಂದ, ಅದನ್ನೂ ಮರೆಯತಕ್ಕದ್ದಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ಸ್ವರಾಜ್ಯವು ಯಾವದೆಂಬುದನ್ನು ಹುಟ್ಟಿದ ಊರಿನಿಂದಾಗಲಿ ತಂದೆಯ ಮನೆಯಿಂದಾಗಲಿ ನಿರ್ಣಯಿಸುವದಿಲ್ಲ; ಹನ್ನೆರಡನೆಯ ತರಗತಿಯನ್ನು ಯಾವ ರಾಜ್ಯದಲ್ಲಿ ತೇರ್ಗಡೆಯಾದಳೋ ಅದೇ ಅವಳ ರಾಜ್ಯ. ತರಬೇತಿಗಾಗಿ ಮಗಳನ್ನು ಹೈದರಾಬಾದಿಗೋ ಕೋಟಾಕ್ಕೋ ಕಳಿಸಿ, ಹನ್ನೆರಡನೆಯದನ್ನೂ ಅಲ್ಲಿಯೇ ಬರೆಯಿಸಿದರೆ, ಅವಳು ಸುರತ್ಕಲ್ಲಿಗೆ ಹೊರರಾಜ್ಯದವಳಾಗುತ್ತಾಳೆ. ಇದು ಲಾಭವೋ ನಷ್ಟವೋ ಎಂಬುದನ್ನು ಮೊದಲೇ ಎಣಿಸಿ ಕಳಿಸಬೇಕೇ ಹೊರತು ಆಮೇಲೆ ತಿಳಿದು ಫಲವಿಲ್ಲ. ನಮ್ಮ ರಾಜ್ಯದ ಸಿ.ಇ.ಟಿ.ಯಲ್ಲಿ ಗ್ರಾಮೀಣ ಶಾಲೆಗಳಲ್ಲಿ ಕಲಿತವರಿಗೆ ಶೇಕಡಾ ೧೫, ಕನ್ನಡ ಮಾಧ್ಯಮದವರಿಗೆ ಶೇಕಡಾ ೫ ಸ್ಥಾನಗಳಿವೆ. ಹೊರಗೆ ಈ ಅನುಕೂಲಗಳು ನಡೆಯುವದಿಲ್ಲ. ಆದುದರಿಂದ ಹೊರಗೆ ಅರ್ಜಿಮಾಡುವವಳು ಸಿ.ಇ.ಟಿ.ಯನ್ನೂ ಬರೆದಿಟ್ಟುಕೊಳ್ಳುವದು ವಿವೇಕ.

ಈಗ ನಾವು ಮುಖ್ಯವೆಂದೆಣಿಸುವ ಮಾತಿಗೆ ಬರುವೆವು. ಫಲಿತಾಂಶಗಳು ಬಂದ ಮೇಲೆ, ಜೂನ್ ತಿಂಗಳಿನಲ್ಲಿ, ಜೋಸಾ ಎಂಬ ಮಂಡಳಿಯು ಐ.ಐ.ಟಿ., ಎನ್.ಐ.ಟಿ. ಮೊದಲಾದವುಗಳ ಸ್ಥಾನಗಳನ್ನು ಒಟ್ಟಿಗೆ ಹಂಚುತ್ತದೆ. ವಿದ್ಯಾರ್ಥಿನಿಯು ತನಗೆ ಬೇಕಾದ ವಿದ್ಯಾಲಯ ಮತ್ತು ಶಾಖೆಗಳನ್ನು ಒಂದರ ಕೆಳಗೊಂದರಂತೆ ಬರೆದುಕೊಡಬೇಕು. ಇಲ್ಲಿಯೇ ಅಂಜಿಕೆಯು ಬುದ್ಧಿಯನ್ನು ಕೆಡಿಸುವದು. “ದೊಡ್ಡದನ್ನು ಮೊದಲು ಬರೆದರೆ ಸಣ್ಣದೂ ತಪ್ಪೀತು” ಎಂದು ಹೆದರಿ, ಸಿಗುವಂಥದನ್ನು ಮೇಲೆಯೂ ಬೇಕಾದದ್ದನ್ನು ಕೆಳಗೂ ಬರೆಯುವವರು ಬಹಳ. ಈ ಹೆದರಿಕೆಗೆ ಆಧಾರವಿಲ್ಲ.

ಏಕೆಂದರೆ ಹಂಚಿಕೆಯ ಕ್ರಮವೇ ಬೇರೆ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಅಮೇರಿಕದ ಗಣಿತಜ್ಞರು ೧೯೬೨ರಲ್ಲಿ ಕಾಲೇಜಿನ ಸ್ಥಾನಗಳನ್ನು ನ್ಯಾಯವಾಗಿ ಹಂಚುವ ಒಂದು ವಿಧಾನವನ್ನು ಪ್ರಕಟಿಸಿದರು. ೨೦೧೫ರಿಂದ ನಮ್ಮ ದೇಶದ ಈ ಹಂಚಿಕೆಯು ಅದೇ ತತ್ತ್ವದ ಮೇಲೆ ಗಣಕದಿಂದ ನಡೆಯುತ್ತಿದೆ. ದೃಷ್ಟಾಂತಕ್ಕೆ, ಪೂರ್ವದ ವಿದ್ಯಾಲಯದಲ್ಲಿ ಒಂದು ಸ್ಥಾನ, ಪಶ್ಚಿಮದ್ದರಲ್ಲಿ ಒಂದು ಸ್ಥಾನವಿದೆಯೆಂದು ಭಾವಿಸೋಣ. ಮೂವರು ಹುಡುಗಿಯರು, ಅವರ ಕ್ರಮಾಂಕಗಳು ೧, ೨, ೩. ಒಂದನೆಯವಳೂ ಎರಡನೆಯವಳೂ ಪೂರ್ವವನ್ನು ಮೊದಲು ಬರೆದರು. ಮೂರನೆಯವಳು ಪಶ್ಚಿಮವನ್ನು ಬರೆದಳು. ಪೂರ್ವವು ಒಂದನೆಯವಳಿಗಾಯಿತು. ಎರಡನೆಯವಳು ತನ್ನ ಪಟ್ಟಿಯಲ್ಲಿ ಮುಂದಿರುವ ಪಶ್ಚಿಮಕ್ಕೆ ಬರುತ್ತಾಳೆ. ಅಲ್ಲಿ ಮೂರನೆಯವಳು ಆಗಲೇ ಕುಳಿತಿದ್ದಾಳಲ್ಲ? ಕುಳಿತಿದ್ದರೂ ಅದು ತಾತ್ಕಾಲಿಕ. ಕ್ರಮಾಂಕವು ಮೇಲಾದವಳು ಬಂದೊಡನೆ ಕೆಳಗಿನವಳು ಎದ್ದು ತನ್ನ ಮುಂದಿನ ಆಯ್ಕೆಗೆ ಹೋಗಬೇಕು. ಹೀಗೆ ಎರಡನೆಯವಳು ತಡವಾಗಿ ಬಂದರೂ ಏನನ್ನೂ ಕಳಕೊಳ್ಳಲಿಲ್ಲ.

ಒಂದು ವೇಳೆ ಒಂದನೆಯವಳು ಮೂರನೆಯದೊಂದು ವಿದ್ಯಾಲಯಕ್ಕೆ ಹೋಗಿದ್ದರೆ, ಪೂರ್ವವು ಎರಡನೆಯವಳದೇ ಆಗುತ್ತಿತ್ತು. ಅವಳು ಅಂಜಿ ಪಶ್ಚಿಮವನ್ನು ಮೊದಲು ಬರೆದಿದ್ದರೆ? ಪಶ್ಚಿಮವೇ ಗಟ್ಟಿಯಾಗಿ, ಖಾಲಿಯಿದ್ದ ಪೂರ್ವವು ಅವಳ ಕೈಯಿಂದಲೇ ತಪ್ಪುತ್ತಿತ್ತು. ಮೇಲಿನದನ್ನು ಬೇಡಿದ್ದರಿಂದ ಕೆಳಗಿನದು ಹೋಗುವದಿಲ್ಲ. ಕೆಳಗಿನದನ್ನು ಮೊದಲು ಬೇಡಿದ್ದರಿಂದ ಮೇಲಿನದು ಹೋಗುವದು. ಆದಕಾರಣ ಪಟ್ಟಿಯ ಕ್ರಮವು ಮನಸ್ಸಿನ ಕ್ರಮವೇ ಆಗಿರಲಿ, ಮತ್ತು ಪಟ್ಟಿಯು ಉದ್ದವಾಗಿರಲಿ. ದೊರೆಯಲಾರದೆಂದು ತೋರುವದನ್ನು ಮೇಲೆ ಬರೆಯಿರಿ. ನಿಶ್ಚಯವಾಗಿ ದೊರೆಯುವಂಥದನ್ನು ಕೊನೆಗೆ ತಪ್ಪದೆ ಬರೆಯಿರಿ.

ಇದಕ್ಕೆ ಇನ್ನೊಂದು ಮಗ್ಗಲು ಇದೆ. ಹಂಚಿಕೆಯು ಐದಾರು ಸುತ್ತುಗಳಲ್ಲಿ ನಡೆಯುತ್ತದೆ. ದೊರೆತ ಸ್ಥಾನವೇ ಸಾಕೆಂಬವಳು ‘ಫ್ರೀಜ್’ ಎಂದೂ, ಅದೇ ವಿದ್ಯಾಲಯದಲ್ಲಿ ಮೇಲಿನ ಶಾಖೆ ಬೇಕೆಂಬವಳು ‘ಸ್ಲೈಡ್’ ಎಂದೂ, ಪಟ್ಟಿಯಲ್ಲಿ ಮೇಲಿರುವ ಯಾವದಾದರೂ ಆದೀತೆಂಬವಳು ‘ಫ್ಲೋಟ್’ ಎಂದೂ ಸೂಚಿಸಬೇಕು. ಮುಂದಿನ ಸುತ್ತಿನಲ್ಲಿ ಮೇಲಿನದು ಬಂದರೆ ಹಿಂದಿನದು ತಾನಾಗಿಯೇ ಬಿಟ್ಟುಹೋಗುತ್ತದೆ; ಮರಳಿ ಬೇಡಿದರೆ ಬರುವದಿಲ್ಲ. ಆದ್ದರಿಂದ ಕೇವಲ ಹೆಸರಿಗಾಗಿ ಯಾವದನ್ನೂ ಮೇಲೆ ಬರೆಯಬಾರದು. ಹಳೆಯ ಐ.ಐ.ಟಿ.ಯಲ್ಲಿ ಬೇರೆ ಶಾಖೆಯೋ, ಎನ್.ಐ.ಟಿ.ಯಲ್ಲಿ ಗಣಕಶಾಸ್ತ್ರವೋ ಎಂಬ ಪ್ರಶ್ನೆಯನ್ನು ಪಟ್ಟಿ ಬರೆಯುವ ಮುಂಚೆಯೇ ಮನೆಯಲ್ಲಿ ಕೂತು ತೀರ್ಮಾನಿಸತಕ್ಕದ್ದು. ಸ್ಥಾನವು ದೊರೆತ ಮೇಲೆ ಗೊತ್ತುಪಡಿಸಿದ ವೇಳೆಯೊಳಗೆ ಹಣ ತುಂಬದಿದ್ದರೆ ಅದು ರದ್ದಾಗುವದು.

ಕಾಗದಪತ್ರಗಳ ಬಗ್ಗೆಯೂ ಎಚ್ಚರವಿರಬೇಕು. ನಮ್ಮ ರಾಜ್ಯದ ೨ಎ, ೩ಎ, ೩ಬಿ ಮೊದಲಾದ ವರ್ಗಗಳ ಪ್ರಮಾಣಪತ್ರವು ಈ ಹಂಚಿಕೆಯಲ್ಲಿ ನಡೆಯುವದಿಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ತಮ್ಮ ಜಾತಿಯಿದೆಯೇ ಎಂದು ನೋಡಿಕೊಂಡು, ಕೇಂದ್ರದ ನಮೂನೆಯಲ್ಲಿಯೇ, ಆ ವರ್ಷದ ಎಪ್ರಿಲ್ ೧ರ ತರುವಾಯದ ಪತ್ರವನ್ನು ತಹಶೀಲದಾರರ ಕಚೇರಿಯಿಂದ ಪಡೆಯತಕ್ಕದ್ದು. ಜೂನ್ ಬಂದ ಮೇಲೆ ಕಚೇರಿಗೆ ಓಡಾಡುವದಕ್ಕಿಂತ ಎಪ್ರಿಲ್‌ನಲ್ಲಿಯೇ ಅರ್ಜಿ ಕೊಡುವದು ಲೇಸು.

ಕೊನೆಗೆ ಹಣದ ಮಾತು. ಐ.ಐ.ಟಿ.ಗಳ ಬೋಧನಾಶುಲ್ಕವನ್ನು ೨೦೧೬ರಲ್ಲಿ ವರ್ಷಕ್ಕೆ ೨ ಲಕ್ಷ ರೂಪಾಯಿಗಳಿಗೆ ಏರಿಸಿದರು. ಆದರೆ ಅದೇ ನಿಯಮದಲ್ಲಿ ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಮತ್ತು ಮನೆಯ ವಾರ್ಷಿಕ ಆದಾಯವು ೧ ಲಕ್ಷಕ್ಕೆ ಕಡಿಮೆಯಿದ್ದವರಿಗೆ ಅದು ಪೂರ್ತಿ ಮಾಫಿ; ೧ರಿಂದ ೫ ಲಕ್ಷದೊಳಗಿನವರಿಗೆ ಮೂರರಲ್ಲಿ ಎರಡು ಪಾಲು ಮಾಫಿ. ೨೦೨೪ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಒಪ್ಪಿದ ವಿದ್ಯಾಲಕ್ಷ್ಮಿ ಯೋಜನೆಯಂತೆ, ಒಳ್ಳೆಯ ವಿದ್ಯಾಲಯಗಳಲ್ಲಿ ಸ್ಥಾನ ಪಡೆದವರಿಗೆ ಬ್ಯಾಂಕುಗಳು ಒತ್ತೆಯಿಲ್ಲದೆ ಸಾಲ ಕೊಡುತ್ತವೆ. ಆದಾಯವು ೮ ಲಕ್ಷದೊಳಗಿದ್ದರೆ ೧೦ ಲಕ್ಷದ ವರೆಗಿನ ಸಾಲಕ್ಕೆ ಶೇಕಡಾ ೩ರ ಬಡ್ಡಿ ರಿಯಾಯತಿಯೂ ಉಂಟು. ಹೊಲವನ್ನು ಮಾರಬೇಕಾದೀತೆಂದು ಹೆದರಿ ಮಗಳ ಅರ್ಜಿಯನ್ನೇ ತಡೆಯುವ ಮೊದಲು ಪಾಲಕರು ಇವುಗಳನ್ನು ವಿಚಾರಿಸಬೇಕೆಂದು ಬೇಡುತ್ತೇವೆ.

ದೂರದ ಊರು, ಅರಿಯದ ಭಾಷೆ, ಹೆಣ್ಣುಮಗಳೊಬ್ಬಳ ಪ್ರಯಾಣ ಎಂಬ ಚಿಂತೆಯು ತಾಯಿತಂದೆಗಳಿಗೆ ಇರುವದು ಸಹಜವೇ. ಆ ಚಿಂತೆಯನ್ನು ಅರ್ಜಿಗೆ ಮೊದಲೇ ಬಾಯಿಬಿಟ್ಟು ಆಡಿರಿ. ವಸತಿಗೃಹ, ರೈಲು, ಖರ್ಚು ಎಲ್ಲವನ್ನೂ ವಿಚಾರಿಸಿರಿ. ಕಳಿಸಲು ಮನಸ್ಸಿಲ್ಲದ ಊರನ್ನು ಪಟ್ಟಿಯಲ್ಲಿ ಬರೆಯಿಸದಿರಿ. ಆದರೆ ಒಮ್ಮೆ ಒಪ್ಪಿ ಬರೆಯಿಸಿದ ಮೇಲೆ, ಸ್ಥಾನ ದೊರೆತ ದಿನ ಬೇಡವೆನ್ನಬೇಡಿರಿ. ಎರಡು ವರ್ಷ ನಿದ್ದೆಗೆಟ್ಟು ಓದಿದವಳಿಗೆ ಪರೀಕ್ಷೆಯಲ್ಲಿ ಸೋಲುವದಕ್ಕಿಂತಲೂ ಅದು ಕಠಿಣವಾದ ಪೆಟ್ಟು. ವಿದ್ಯಾರ್ಥಿನಿಯರೇ, ಕ್ರಮಾಂಕವು ನಿಮ್ಮ ಶ್ರಮದಿಂದ ಬರುವದು. ಬೇಕಾದದ್ದನ್ನು ಬೇಕೆಂದು ಮೊದಲನೆಯ ಸಾಲಿನಲ್ಲಿ ಬರೆಯುವ ಧೈರ್ಯವು ನಿಮ್ಮಿಂದಲೂ ನಿಮ್ಮ ಮನೆಯವರಿಂದಲೂ ಕೂಡಿ ಬರಬೇಕು.