ಬೆರಳೂ ಉಂಗುರವೂ: ಒಂದು ಶಬ್ದವಿಚಾರ

ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಬೆರಳಿಗೆ ‘ದಕ್ತುಲೊಸ್’ ಎಂದು ಹೆಸರು; ಬೆರಳಿಗೆ ತೊಡುವ ಉಂಗುರಕ್ಕೆ ‘ದಕ್ತುಲಿಯೊಸ್’. ಇದರ ಬಹುವಚನ ‘ದಕ್ತುಲಿಯೊಯ್’. ಚಿಕ್ಕದೆಂಬ ಅರ್ಥವನ್ನು ಕೊಡುವ ‘ದಕ್ತುಲಿದಿಯೊನ್’ ಎಂಬ ಇನ್ನೊಂದು ರೂಪವೂ ಉಂಟು. ಇಂದಿನ ಗ್ರೀಕರು ಉಂಗುರವನ್ನು ‘ದಖ್ತಿಲಿದಿ’ ಎನ್ನುವುದು ಇದರಿಂದಲೇ.

ಒಡವೆಗೆ ಹೆಸರು ಮೂರು ಬಗೆಯಲ್ಲಿ ಬರಬಹುದು. ಲ್ಯಾಟಿನ್ನಿನ ‘ಆನುಲುಸ್’ ಅದರ ಆಕಾರವನ್ನು ಹೇಳುತ್ತದೆ. ನಮ್ಮ ‘ಮುದ್ರಿಕೆ’ ಅದರ ಉಪಯೋಗವನ್ನು. ‘ದಕ್ತುಲಿಯೊಸ್’ ಅದನ್ನು ತೊಡುವ ಸ್ಥಾನವನ್ನು. ಸಂಸ್ಕೃತದ ‘ಅಂಗುಲೀಯ’, ‘ಅಂಗುಲೀಯಕ’ಗಳು ಈ ಮೂರನೆಯ ವರ್ಗದವು; ಇವುಗಳಿಗೆ ‘ಅಂಗುರೀಯ’, ‘ಅಂಗುರೀಯಕ’ ಎಂಬ ರಕಾರದ ರೂಪಗಳೂ ಉಂಟು.

ಕನ್ನಡದ ‘ಉಂಗುರ’ವನ್ನು ಇವುಗಳ ತದ್ಭವವೆಂದು ಎಣಿಸುವುದುಂಟು. ಮೊದಲಕ್ಷರದ ಅಕಾರವು ಉಕಾರವಾದದ್ದು ಹೇಗೆಂದು ವಿದ್ಯಾರ್ಥಿಗಳು ಶಂಕಿಸಬಹುದು. ‘ಅಂಗುಷ್ಠ’ವು ‘ಉಂಗುಟ’ವಾಗಿರುವುದನ್ನು ನೋಡಿದರೆ ಆ ಶಂಕೆ ಬಹುಮಟ್ಟಿಗೆ ಪರಿಹಾರವಾಗುತ್ತದೆ. ತೆಲುಗಿನಲ್ಲಿಯೂ ‘ಉಂಗರಮು’ ಎಂದೇ ಇದೆ.

ಇನ್ನೊಂದು ಆಕ್ಷೇಪವೂ ಬರಬಹುದು. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳಲ್ಲಿ, ನಾಡಿನ ಉಳಿದೆಡೆಗಳಂತೆಯೇ, ಮದುವೆಯಾದ ಹೆಣ್ಣುಮಕ್ಕಳು ಕಾಲುಂಗುರವನ್ನು ಧರಿಸುತ್ತಾರೆ. ಕೈಬೆರಳಿನ ಹೆಸರು ಕಾಲಿನ ಒಡವೆಗೆ ಹೇಗೆ ಸಂದಿತು? ಇಲ್ಲಿ ವಿರೋಧವೇನೂ ಇಲ್ಲ. ‘ದಕ್ತುಲೊಸ್’, ‘ಅಂಗುಲಿ’, ‘ಬೆರಳು’ ಈ ಮೂರೂ ಕೈಗೂ ಕಾಲಿಗೂ ಸಮಾನವಾಗಿ ಸಲ್ಲುವ ಮಾತುಗಳು.

ಮೂಲಾರ್ಥವು ಮರೆಯಾದುದಕ್ಕೆ ನಿಜವಾದ ಸಾಕ್ಷ್ಯವಿರುವುದು ಬೇರೆಡೆ. ‘ಉಂಗುರಗೂದಲು’ ಎನ್ನುವಾಗ ಬೆರಳಿನ ನೆನಪೇ ಇಲ್ಲ, ಆಕಾರವೊಂದೇ ಉಳಿದಿದೆ. ಗ್ರೀಕ್ ಪದವೂ ಕ್ರಮೇಣ ಬೆರಳನ್ನು ಬಿಟ್ಟು ದುಂಡಾದ ಇತರ ವಸ್ತುಗಳಿಗೆ ಸಂದಿತು. ಆದರೆ ಗ್ರೀಕನ ಕಿವಿಗೆ ಆ ಪದದಲ್ಲಿ ‘ಬೆರಳು’ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕನ್ನಡಿಗನ ಬೆರಳು ‘ಬೆರಳು’ ಆಗಿಯೇ ಉಳಿದುದರಿಂದ ‘ಉಂಗುರ’ದಲ್ಲಿ ಅದು ಕೇಳಿಸದು. ಆದಕಾರಣವೇ ನಾವು ‘ಉಂಗುರಬೆರಳು’ ಎಂದಾಗ ಪುನರುಕ್ತಿಯೆನಿಸುವುದಿಲ್ಲ. ಸಂಸ್ಕೃತವು ‘ಅನಾಮಿಕಾ’, ಎಂದರೆ ಹೆಸರಿಲ್ಲದ್ದು, ಎಂದು ಕರೆದ ಬೆರಳಿಗೆ ಕನ್ನಡದಲ್ಲಿ ಉಂಗುರವು ಹೆಸರನ್ನಿತ್ತಿದೆ: ಬೆರಳಿನಿಂದ ಪಡೆದ ಹೆಸರನ್ನು ಬೆರಳಿಗೇ ಹಿಂದಿರುಗಿಸಿದೆ.

ಇದರಿಂದ ನಾವು ತಿಳಿಯಬೇಕಾದುದಿಷ್ಟೆ: ವ್ಯುತ್ಪತ್ತಿಯು ಶಬ್ದದ ತವರನ್ನು ತೋರಿಸಬಲ್ಲದು, ಅದು ಈಗ ಬಾಳುತ್ತಿರುವ ಮನೆಯನ್ನು ಪ್ರಯೋಗದಿಂದಲೇ ಅರಿಯಬೇಕು. ನಿಘಂಟನ್ನು ನೋಡಿದ ಬಳಿಕ ಆಡುವ ಮಾತಿಗೂ ಕಿವಿಗೊಡುವುದು ಅವಶ್ಯ.